ಅಕ್ಷರ ಒಡೆದ ಫೈಲ್ ಬಂದರೆ ಮೊದಲು ಟೈಪ್ ಮಾಡಲು ಕೂರಬೇಡಿ

ಗದಗಕ್ಕೆ ಮುದ್ರಣ ಕಾಶಿ ಅಂತ ಹೆಸರು. ಇಲ್ಲಿ ಡಿಟಿಪಿಗೆ, ಅಂದರೆ ಕಂಪ್ಯೂಟರ್‌ನಲ್ಲಿ ಪುಟ ಜೋಡಿಸಲು, ಕೂತವರಿಗೆ ಒಡೆದ ಫೈಲ್ ಹೊಸದಲ್ಲ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಶಾಲೆಯ ಸ್ಮರಣ ಸಂಚಿಕೆ, ಯಾವುದೇ ಇರಲಿ, ತೆರೆದರೆ ಕನ್ನಡವೇ ಇರುವುದಿಲ್ಲ. ಪಾರ್ಟಿ ಎದುರಿಗೇ ನಿಂತಿರುತ್ತಾರೆ, ಹೀಗಾಗಿ ಬಹಳ ಜನ ಪ್ರಿಂಟ್ ತರಿಸಿಕೊಂಡು ಮೊದಲಿನಿಂದ ಟೈಪ್ ಮಾಡಲು ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಮತ್ತೆ ಟೈಪ್ ಮಾಡಿದರೆ ಹೊಸ ತಪ್ಪು ಸೇರುತ್ತವೆ. ಒಡೆದದ್ದು ಕಣ್ಣಿಗೆ ಹೇಗೆ ಕಾಣುತ್ತದೆ ನೋಡಿ, ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಪುಟದ ತುಂಬಾ ದೊಡ್ಡ ಪಿ, ಅದರ ಪಕ್ಕ ತಲೆ ಮೇಲೆ ಓರೆ ಗೆರೆ ಇರುವ ದೊಡ್ಡ ಎ, ನಡುನಡುವೆ ಪೌಂಡ್ ಗುರುತು ಕಂಡರೆ ಖುಷಿಪಡಿ. ಅದು ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಾದ ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಮಾಡಿದ ಕೆಲಸ, ಮ್ಯಾಟರ್ ಪೂರಾ ಸುರಕ್ಷಿತ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿವೆ. 80ನೇ ಜಾಗದಲ್ಲಿ, ಅಂದರೆ ದೊಡ್ಡ ಪಿ ಇರುವಲ್ಲಿ, ಕ ಅಕ್ಷರದ ಮೈ, 192ರಲ್ಲಿ, ಅಂದರೆ ಗೆರೆಯ ದೊಡ್ಡ ಎ ಇರುವಲ್ಲಿ, ತಲೆಕಟ್ಟು, ಎರಡೂ ಸೇರಿದರೆ ಕ. ಫಾಂಟ್ ಹಾಕಿದ ಕೂಡಲೇ ಕನ್ನಡ ಬರುತ್ತದೆ. ನುಡಿ ಮತ್ತು ಬರಹದ ಜಾಗಗಳು ಒಂದೇ, ಒಂದಿಲ್ಲದಿದ್ದರೆ ಇನ್ನೊಂದು ನಡೆಯುತ್ತದೆ. ಶ್ರೀಲಿಪಿ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನ ಲೆಕ್ಕ ಬೇರೆ, ಅದಕ್ಕೆ ನುಡಿ ಹಾಕಿದರೆ ಕನ್ನಡದಂತೆ ಕಾಣುವ ಗೋಜಲು ಬರುತ್ತದೆ.

ಗೆರೆ ಇರುವ ಚಿಕ್ಕ ಎ, ಅದರ ಪಕ್ಕ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3, ಇದೇ ಜೋಡಿ ಸಾಲುಗಟ್ಟಿ ಬರುತ್ತಿದ್ದರೆ ಕಥೆ ಬೇರೆ. ಅದು ಯುನಿಕೋಡ್ ಕನ್ನಡ, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ನಂಬರ್ ಇರುವ ಪದ್ಧತಿ. ಅದನ್ನು ಫೈಲ್‌ನಲ್ಲಿ ಬರೆದಿಡುವ ರೀತಿಯಾದ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೆ ಮೂರು ಬೈಟ್ ಬೇಕು, ಸಾಫ್ಟ್‌ವೇರ್ ಅವನ್ನು ಮೂರು ಬೇರೆ ಅಕ್ಷರ ಅಂತ ಓದಿದೆ ಅಷ್ಟೇ. ಫಾಂಟ್ ಬದಲಿಸಿ ಉಪಯೋಗವಿಲ್ಲ. ಫೈಲನ್ನು ಮುಚ್ಚಿ, ಮತ್ತೆ ತೆರೆಯುವಾಗ ಎನ್‌ಕೋಡಿಂಗ್ ಅನ್ನುವಲ್ಲಿ ಯುಟಿಎಫ್-8 ಆರಿಸಿ. ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಾದರೆ ಪ್ಲೇಸ್ ಮಾಡುವಾಗ ಇಂಪೋರ್ಟ್ ಆಪ್ಷನ್ಸ್‌ನಲ್ಲಿ ಈ ಆಯ್ಕೆ ಸಿಗುತ್ತದೆ.

ಚೌಕ ಚೌಕ ಕಂಡರೆ ಆ ಫಾಂಟ್‌ನಲ್ಲಿ ಕನ್ನಡ ಇಲ್ಲ. ನೋಟೊ, ತುಂಗಾ, ಯಾವುದಾದರೂ ಯುನಿಕೋಡ್ ಫಾಂಟ್ ಹಾಕಿ ನೋಡಿ.

ಬರೀ ಪ್ರಶ್ನೆ ಗುರುತುಗಳಿದ್ದರೆ ಮಾತ್ರ ಕೈ ಬಿಡಬೇಕು. ಹಾವೇರಿಯಿಂದ ವಾಟ್ಸಾಪ್‌ನಲ್ಲಿ ಬಂದ ಲೇಖನವೊಂದನ್ನು ನಾನು ನೇರ ಪುಟ ವಿನ್ಯಾಸದ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಪೇಸ್ಟ್ ಮಾಡಿ, ಸೇವ್ ಮಾಡಿ, ಮೂಲ ಮೆಸೇಜನ್ನು ಅಳಿಸಿಬಿಟ್ಟಿದ್ದೆ. ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತಿಲ್ಲ, ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಅಕ್ಷರದ ಜಾಗದಲ್ಲಿ ನಿಜವಾಗಿಯೇ ಪ್ರಶ್ನೆ ಗುರುತು ಬರೆದುಕೊಂಡಿತ್ತು, ವಾಪಸ್ ತರುವ ದಾರಿ ಇರಲಿಲ್ಲ. ಆ ಲೇಖಕರ ಬಳಿ ಮತ್ತೆ ಕೇಳಬೇಕಾಯಿತು, ತುಂಬಾ ಬೇಜಾರಾಗಿತ್ತು. ಮೂಲವನ್ನು ಕೆಲಸ ಮುಗಿಯುವವರೆಗೆ ಇಟ್ಟುಕೊಳ್ಳಿ.

ಅಕ್ಷರ ಬಂದಿವೆ, ಒತ್ತು ಮಾತ್ರ ಕೆಳಗಿಳಿಯದೆ ಹುಬ್ಬಳ್ಳಿ ಅನ್ನುವುದರಲ್ಲಿ ಬ, ಳ ಬಿಡಿಬಿಡಿಯಾಗಿ ನಿಂತಿವೆಯೇ? ಅದು ಇನ್‌ಡಿಸೈನ್‌ನ ಕಂಪೋಸರ್, ಅಂದರೆ ಅಕ್ಷರ ಜೋಡಿಸುವ ಭಾಗದ, ಸಮಸ್ಯೆ. ಪ್ಯಾರಾಗ್ರಾಫ್ ಸ್ಟೈಲ್ ತೆರೆದು, ಜಸ್ಟಿಫಿಕೇಶನ್‌ನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ಸ್ಟೈಲ್‌ನಲ್ಲೇ ಮಾಡಿದರೆ ಇಡೀ ಪುಸ್ತಕಕ್ಕೆ ಒಂದೇ ಸಲಕ್ಕೆ ಆಗುತ್ತದೆ, ಅಲ್ವಾ?

ಇನ್ನು ನುಡಿಯಿಂದ ಯುನಿಕೋಡ್‌ಗೆ ಪರಿವರ್ತನೆ. ಜಾಸ್ತಿ ಎಡವುವುದು ಇಲ್ಲೇ. ಹಳೆಯ ಫಾಂಟ್ ಕಣ್ಣಿಗೆ ಕಾಣುವ ಸಾಲಿನಲ್ಲಿ ಬರೆಯುತ್ತದೆ. ಕರ್ನಾಟಕ ಅನ್ನುವಾಗ ಮೊದಲು ನಾ, ಆಮೇಲೆ ಅರ್ಕಾವತ್ತು. ಯುನಿಕೋಡ್ ಉಚ್ಚಾರದ ಸಾಲಿನಲ್ಲಿ ಬರೆಯುತ್ತದೆ, ರ್ ಮೊದಲು, ನಾ ಆಮೇಲೆ. ಕನ್ವರ್ಟರ್ ಅದನ್ನು ಹಿಂದೆ ಮುಂದೆ ಮಾಡಬೇಕು, ಕೆಲವು ಅಲ್ಲಿ ತಪ್ಪುತ್ತವೆ. ಹಾಗಾಗಿ ಕಾರ್ಯಕ್ರಮ, ಸರ್ವರಿಗೂ, ಮಾರ್ಗದರ್ಶನ ಇಂಥ ಪದಗಳನ್ನು ಹುಡುಕಿ ಹುಡುಕಿ ನೋಡಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡವಾಗಿ ಕೆಟ್ಟಿರುತ್ತದೆ, ಮೊದಲೇ ತೆಗೆದಿಟ್ಟು ಆಮೇಲೆ ಸೇರಿಸಿ. ಫೋನ್ ನಂಬರ್, ತಾರೀಖು ಕೂಡ ಮೂಲದ ಜೊತೆ ತಾಳೆ ನೋಡಿ.

ಬ್ಯಾಂಕ್‌ನಲ್ಲಿ ಅನ್ನುವುದು ಬ್ಯಾಂಕ್ನಲ್ಲಿ ಆಗಿದ್ದರೆ ನಡುವಿನ ನಾನ್-ಜಾಯ್ನರ್ ಬಿದ್ದುಹೋಗಿದೆ. ಅದು 8204ನೇ ಯುನಿಕೋಡ್ ಅಕ್ಷರ, ಕಾಣುವುದಿಲ್ಲ, ಆದರೆ ಒತ್ತಾಗದಂತೆ ತಡೆಯುತ್ತದೆ. ಇನ್‌ಡಿಸೈನ್‌ನಲ್ಲಿ ಟೈಪ್ ಮೆನುವಿನ ಇನ್‌ಸರ್ಟ್ ಸ್ಪೆಷಲ್ ಕ್ಯಾರೆಕ್ಟರ್, ಅದರೊಳಗೆ ಅದರ್ ಅನ್ನುವಲ್ಲಿ ಇದೆ. ಕರ್ಸರನ್ನು ಅರ್ಧಾಕ್ಷರ ಕ್ ಆದ ಮೇಲೆ, ನ ಬರುವ ಮೊದಲು ಇಟ್ಟು ಹಾಕಿ.

ಮುದ್ರಣದ ಪ್ಲೇಟ್‌ಗೆ ಕಳಿಸುವಾಗ ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್‌ನ ಫೈಲನ್ನು ಕರ್ವ್ ಮಾಡಿಕೊಡಿ ಅಂತ ಕೇಳುತ್ತಾರೆ. ಮಾಡಿ, ಆದರೆ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಕರ್ವ್ ಆದ ಮೇಲೆ ಅದು ಅಕ್ಷರ ಅಲ್ಲ, ಚಿತ್ರ. ಮುಂದಿನ ವರ್ಷ ಅದೇ ಜಾತ್ರೆಯ ಹ್ಯಾಂಡ್‌ಬಿಲ್‌ಗೆ ಬರೀ ತಾರೀಖು ಬದಲಿಸಬೇಕಾದಾಗ ಅಕ್ಷರ ಉಳಿದಿರುವ ಫೈಲೇ ಬೇಕು.