ಬೇರೆ ನಕ್ಷತ್ರದ ಗ್ರಹದ ಫೋಟೊ ತೆಗೆಯುವುದು ಹೇಗೆ?

ನವೆಂಬರ್‌ನಲ್ಲಿ ರಾತ್ರಿ 8ರ ಸುಮಾರಿಗೆ ಮಾಳಿಗೆ ಹತ್ತಿ ನೆತ್ತಿ ಕಡೆ ನೋಡಿ. ನಾಲ್ಕು ಚುಕ್ಕಿಗಳ ದೊಡ್ಡ ಚೌಕ ಕಾಣುತ್ತದೆ. ಅದರ ಪಶ್ಚಿಮದ ಎರಡು ಚುಕ್ಕಿಗಳೇ ಪಂಚಾಂಗದ ಪೂರ್ವಾಭಾದ್ರ. ಆ ಎರಡರ ನಡುವೆ, ಗೆರೆಯಿಂದ ಚೂರು ಒಳಗೆ, ಎಚ್‌ಆರ್ 8799 ಎಂಬ ಮಂಕು ನಕ್ಷತ್ರವಿದೆ. ವಿಜಯಪುರದ ಬೀದಿದೀಪಗಳ ನಡುವೆ ಬರಿಗಣ್ಣಿಗೆ ಸಿಗುವುದಿಲ್ಲ, ಬೈನಾಕ್ಯುಲರ್ ಬೇಕು. ಸುಮಾರು 130 ಜ್ಯೋತಿರ್ವರ್ಷ ದೂರದ ಅದರ ಸುತ್ತ ಸುತ್ತುವ ನಾಲ್ಕು ದೈತ್ಯ ಗ್ರಹಗಳ ಫೋಟೊ ತೆಗೆದಿದ್ದಾರೆ. ಕಲಾವಿದರು ಬಿಡಿಸಿದ ಚಿತ್ರ ಅಲ್ಲ, ನಿಜವಾದ ಫೋಟೊ.

ಮೊದಲ ಕೆಲಸ, ಎಳೆ ನಕ್ಷತ್ರ ಹುಡುಕುವುದು. ಎಚ್‌ಆರ್ 8799ರ ವಯಸ್ಸು ಮೂರ್ನಾಲ್ಕು ಕೋಟಿ ವರ್ಷ ಅಷ್ಟೇ, ನಮ್ಮ ಸೂರ್ಯನಿಗೆ 460 ಕೋಟಿ. ಎಳೆ ಗ್ರಹದಲ್ಲಿ ಹುಟ್ಟಿದಾಗಿನ ಕಾವು ಇನ್ನೂ ಆರಿರುವುದಿಲ್ಲ, ಆ ಕಾವು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕಾಗಿ ಹೊಮ್ಮುತ್ತದೆ, ಹಾಗಾಗಿ ಆ ಬೆಳಕಿನಲ್ಲಿ ಫೋಟೊ ತೆಗೆಯಬೇಕು. ಮಾಮೂಲಿ ಬೆಳಕಿನಲ್ಲಿ ನಮ್ಮ ಗುರು ಸೂರ್ಯನಿಗಿಂತ ನೂರು ಕೋಟಿ ಪಟ್ಟು ಮಂಕು. ಅವಕೆಂಪಿನಲ್ಲಿ ಇಂಥ ಬಿಸಿ ಗ್ರಹದ ಲೆಕ್ಕ ಲಕ್ಷದ ಆಸುಪಾಸಿಗೆ ಇಳಿಯುತ್ತದೆ.

ಆಮೇಲೆ ಗಾಳಿಯ ಕಾಟ. ಏಪ್ರಿಲ್ ಬಿಸಿಲಲ್ಲಿ ಸೋಲಾಪುರ ರಸ್ತೆಯಲ್ಲಿ ದೂರದ ಲಾರಿ ಅಲುಗಾಡಿದಂತೆ ಕಾಣುತ್ತದಲ್ಲ, ನಕ್ಷತ್ರದ ಬೆಳಕಿಗೂ ಅದೇ ಪಾಡು. ಅದಕ್ಕೇ ಬಾಗುವ ಕನ್ನಡಿಯೊಂದನ್ನು ಸೆಕೆಂಡಿಗೆ ನೂರಾರು ಸಲ ತಿದ್ದುತ್ತಾರೆ. ನಕ್ಷತ್ರಕ್ಕೆ ಕರೋನಾಗ್ರಾಫ್ ಎಂಬ ಮರೆ ಹಿಡಿಯುತ್ತಾರೆ.

ಇಷ್ಟಾದರೂ ಫೋಟೊ ತುಂಬ ಬಿಳಿ ಕಲೆ! ಕನ್ನಡಿಗಳ ಸಣ್ಣ ಊನದಿಂದ ಸೋರಿದ ನಕ್ಷತ್ರದ್ದೇ ಬೆಳಕು ಅದು, ನೋಡಲು ಥೇಟ್ ಗ್ರಹದ ಹಾಗೇ. ನಿಜವಾದ ಜಾಣತನ ಇರುವುದು ಇಲ್ಲಿಯೇ. ಕ್ಯಾಮೆರಾವನ್ನು ಆಕಾಶದ ಜೊತೆ ತಿರುಗಿಸದೆ ಸುಮ್ನೆ ಬಿಟ್ಟು ತಾಸುಗಟ್ಟಲೆ ಫೋಟೊ ತೆಗೆಯುತ್ತಾ ಹೋಗುತ್ತಾರೆ. ಭೂಮಿ ತಿರುಗಿದಂತೆ ಫೋಟೊದಲ್ಲಿ ಗ್ರಹ ನಕ್ಷತ್ರದ ಸುತ್ತ ಸರಿಯುತ್ತದೆ, ಕಲೆಗಳು ಮಾತ್ರ ಇದ್ದಲ್ಲೇ ಇರುತ್ತವೆ. ಇದ್ದಲ್ಲೇ ಇರುವುದನ್ನೆಲ್ಲ ಕಂಪ್ಯೂಟರ್‌ನಲ್ಲಿ ಕಳೆದು, ಉಳಿದದ್ದನ್ನು ವಾಪಸ್ ತಿರುಗಿಸಿ ಒಂದರ ಮೇಲೊಂದು ಕೂಡಿಸಿದರೆ ಗ್ರಹ ಎದ್ದು ಕಾಣುತ್ತದೆ. ನೆತ್ತಿಯ ಹತ್ತಿರ ಹಾಯುವ ನಕ್ಷತ್ರಕ್ಕೆ ಈ ತಿರುಗಾಟ ಜಾಸ್ತಿ. ವಿಜಯಪುರದಲ್ಲಿ ಹೇಗೋ ಹವಾಯಿಯ ಮೌನಾ ಕೀ ಬೆಟ್ಟದಲ್ಲೂ ಹಾಗೆ, ಇದು ನೆತ್ತಿಯ ಹತ್ತಿರವೇ ಹಾಯುತ್ತದೆ. ಅಲ್ಲಿನ ಕೆಕ್, ಜೆಮಿನಿ ದೂರದರ್ಶಕಗಳಿಂದ ಕಂಡ ಮೂರು ಗ್ರಹಗಳ ಸುದ್ದಿ ಬಂದದ್ದು 2008ರಲ್ಲಿ, ನಾಲ್ಕನೆಯದು 2010ರಲ್ಲಿ.

ಚುಕ್ಕಿ ಸಿಕ್ಕ ಕೂಡಲೇ ಕುಣಿಯುವ ಹಾಗಿಲ್ಲ. ಹಿಂದೆ ಎಲ್ಲೋ ಇರುವ ಬೇರೆ ನಕ್ಷತ್ರವೂ ಇರಬಹುದು, ಅಲ್ವಾ? ವರ್ಷ ಬಿಟ್ಟು ಮತ್ತೆ ನೋಡಬೇಕು, ನಕ್ಷತ್ರದ ಜೊತೆಗೇ ಅದೂ ಸರಿದಿದ್ದರೆ ಅದರ ಗ್ರಹವೇ. ಹಳೇ ಫೋಟೊ ಇದ್ದರೂ ನಡೆಯುತ್ತದೆ. ಹಬಲ್ ಬಾಹ್ಯಾಕಾಶ ದೂರದರ್ಶಕ 1998ರಲ್ಲೇ ಇದೇ ನಕ್ಷತ್ರದ ಚಿತ್ರ ತೆಗೆದಿತ್ತು, ಆಗ ಯಾರಿಗೂ ಏನೂ ಕಂಡಿರಲಿಲ್ಲ. 2009ರಲ್ಲಿ ಹೊಸ ವಿಧಾನದಲ್ಲಿ ಬೆಳಕು ಕಳೆದು ನೋಡಿದರೆ, ಎಲ್ಲಕ್ಕಿಂತ ಹೊರಗಿನ ಗ್ರಹ ಅದರಲ್ಲೇ ಇತ್ತು.