ಐವತ್ತು ಕಿಲೋ ಹುಡುಗನ ಏಟಿಗೆ ತೂಕ ಬರಬೇಕಾದರೆ

ಬಾಕ್ಸಿಂಗ್‌ನಲ್ಲಿ ಫ್ಲೈವೇಟ್ ಎಂಬ ಹಗುರ ತೂಕದ ವರ್ಗದ ಮಿತಿ 112 ಪೌಂಡ್, ಅಂದರೆ 50.8 ಕಿಲೋ. ವೇಲ್ಸ್‌ನ ಕಲ್ಲಿದ್ದಲು ಗಣಿಯಿಂದ ಬಂದ ಜಿಮ್ಮಿ ವೈಲ್ಡ್ ಅಷ್ಟೂ ತೂಗುತ್ತಿರಲಿಲ್ಲ. ಆದರೂ 1916ರಲ್ಲಿ ವಿಶ್ವ ಚಾಂಪಿಯನ್ ಆದ. ಪಟ್ಟ ಕಳೆದುಕೊಂಡದ್ದು 1923ರಲ್ಲಿ, ಫಿಲಿಪೀನ್ಸ್‌ನ ಬಾಕ್ಸರ್ ಪಾಂಚೋ ವಿಲ್ಲಾ ಎದುರು. ಕಲಬುರಗಿಯ ಸಣಕಲು ಹುಡುಗರೂ ಧೈರ್ಯವಾಗಿ ಗ್ಲೌಸ್ ತೊಡಬಹುದು.

ಬಲಗೈ ಏಟಿಗೆ ಹಿಂದಿನ ಕಾಲಿನ ಹಿಮ್ಮಡಿ ಎತ್ತಿ ಹೊರಕ್ಕೆ ತಿರುಗಿಸಿ. ಆಮೇಲೆ ಸೊಂಟ, ಭುಜ, ಕೊನೆಗೆ ಮುಷ್ಟಿ. ಹಿಮ್ಮಡಿ ನೆಲಕ್ಕಂಟಿದರೆ ಸೊಂಟ ತಿರುಗದು. ಬರೀ ತೋಳಿನ ಏಟಿಗೆ ಗುದ್ದುವ ಚೀಲ ಅಲುಗುವುದೂ ಇಲ್ಲ. ವೈಲ್ಡ್ ಕೈ ಕೆಳಗಿಟ್ಟು ಆಡುತ್ತಿದ್ದ. ಅದನ್ನು ಮಾತ್ರ ಅನುಕರಿಸಬೇಡಿ, ಎಡಗೈ ಗಲ್ಲದ ಹತ್ತಿರವೇ ಇರಲಿ.

ಗ್ಲೌಸ್ ಒಳಗೆ ಕೈಗೆ ಸುತ್ತುವ ಬಟ್ಟೆಯ ಕೈಪಟ್ಟಿ 4.5 ಮೀಟರ್ ಬೇಕು. ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು, ಬೆರಳ ಸಂದಿಗೆ ಒಂದೊಂದು, ಉಳಿದದ್ದೆಲ್ಲ ಮಣಿಕಟ್ಟಿಗೆ. ಸುತ್ತುವಾಗ ಬೆರಳು ಅಗಲಿಸಿ. ಇಲ್ಲದಿದ್ದರೆ ಮುಷ್ಟಿ ಕಟ್ಟಿದಾಗ ಪಟ್ಟಿ ಬಿಗಿದು ಬೆರಳ ತುದಿ ಜುಮ್ಮೆನ್ನುತ್ತದೆ.

ಅಭ್ಯಾಸಕ್ಕೆ ಮೂರು ನಿಮಿಷದ ನಾಲ್ಕು ಸುತ್ತು, ನಡುವೆ ಒಂದು ನಿಮಿಷ ವಿಶ್ರಾಂತಿ. ಬೇಸಿಗೆಯಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತದೆ; ನಸುಕಿನಲ್ಲೇ ಮುಗಿಸಿ. ತೂಕ ಇಳಿಸಲು ನೀರು ಕುಡಿಯುವುದನ್ನೇ ಬಿಡುವ ಚಾಳಿ ಬಹಳ ಕೆಟ್ಟದ್ದು. ಹುಡುಗರು ರೊಟ್ಟಿ, ಬೇಳೆ ಹೊಟ್ಟೆತುಂಬ ತಿನ್ನಲಿ.