ಡಿಸೆಬಿಲಿಟಿ ಪಿಂಚಣಿ: ಶೇಕಡಾ ನೋಡುವ ಮೊದಲು

ಸೇನೆಯಲ್ಲಿ ಕ್ಲರ್ಕ್ ಆಗಿದ್ದು ನಿವೃತ್ತನಾಗಿ ಈಗ ಕುಂಬಳೆಯಲ್ಲಿದ್ದೇನೆ. ಊರಿನ ಮಾಜಿ ಸೈನಿಕರು ಡಿಸೆಬಿಲಿಟಿ ಪಿಂಚಣಿಯ, ಅಂದರೆ ಸೇವೆಯಿಂದಾದ ಅಂಗವೈಕಲ್ಯಕ್ಕೆ ಸಿಗುವ ಪಿಂಚಣಿಯ, ಕಾಗದ ಹಿಡಿದು ಬಂದರೆ ಕೇಳುವುದು ಒಂದೇ: "ನನಗೆ ಎಷ್ಟು ಪರ್ಸೆಂಟ್ ಹಾಕಿದ್ದಾರೆ?" ನಾನು ಮೊದಲು ನೋಡುವುದು ಅದನ್ನಲ್ಲ.

ಸೇನೆಯಿಂದ ಬಿಡುಗಡೆಯಾಗುವಾಗ ತಪಾಸಣೆ ಮಾಡುವ ಮೆಡಿಕಲ್ ಬೋರ್ಡಿನ ವರದಿಯಲ್ಲಿ ಪ್ರತಿ ಕಾಯಿಲೆಯ ಎದುರು ಎರಡು ಪ್ರಶ್ನೆಗಳುಂಟು. ಇದು ಸೇವೆಯಿಂದ ಬಂದದ್ದೇ? ಸೇವೆಯಿಂದ ಉಲ್ಬಣಿಸಿದ್ದೇ? ಎರಡಕ್ಕೂ 'ನೋ' ಬಿದ್ದಿದ್ದರೆ 40 ಪರ್ಸೆಂಟ್ ಅಂಗವೈಕಲ್ಯ ಇದ್ದರೂ ಇಲಾಖೆ ಕೊಡುವುದು ಸೊನ್ನೆ. ಒಂದಕ್ಕಾದರೂ 'ಯೆಸ್' ಇದ್ದು, ಶೇಕಡಾ 20 ಮುಟ್ಟಿದರೆ ಮಾತ್ರ ಡಿಸೆಬಿಲಿಟಿ ಎಲಿಮೆಂಟ್, ಅಂದರೆ ಪಿಂಚಣಿಯಲ್ಲಿ ಅಂಗವೈಕಲ್ಯಕ್ಕೆಂದು ಸಿಗುವ ಭಾಗ.

ಪೆರ್ಲದ ಕಡೆಯ ಒಬ್ಬರು ಆರ್ಟಿಲರಿಯವರು, ಅಂದರೆ ಫಿರಂಗಿ ದಳದವರು, ಕಿವಿ ಮಂದ. 'ನೋ' ಎನ್ನಲು ಬೋರ್ಡ್ ಕೊಟ್ಟ ಕಾರಣ ಒಂದೇ ಸಾಲು: ಪೀಸ್ ಸ್ಟೇಷನ್‌ನಲ್ಲಿ (ಫೀಲ್ಡ್ ಅಲ್ಲದ, ಶಾಂತಿಯ ಜಾಗದಲ್ಲಿ) ಶುರುವಾದದ್ದು. ಅದೇ ವರದಿಯ ಮೊದಲ ಭಾಗದಲ್ಲಿ ಅವರ ಪೋಸ್ಟಿಂಗ್‌ಗಳ ಪಟ್ಟಿ, ಪ್ರತಿಯೊಂದರ ಮುಂದೆ ಪೀಸೋ ಫೀಲ್ಡೋ ಎಂಬ ಗುರುತು. ಫಿರಂಗಿಯ ಸದ್ದು ಆ ಗುರುತು ನೋಡಿ ಕಿವಿಗೆ ಬೀಳುತ್ತದೆಯೇ ಮಾರಾಯ್ರೆ? 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂಥವರಿಗೇ ಬೇಕಾದ ಮಾತು: ಭರ್ತಿಯ ಹೊತ್ತಿಗೆ ಕಾಯಿಲೆ ದಾಖಲಾಗಿಲ್ಲ ಎಂದರೆ ಆಗ ಆತ ಆರೋಗ್ಯವಂತನೆಂದೇ ಲೆಕ್ಕ, ಸೇವೆಗೆ ಸಂಬಂಧವಿಲ್ಲ ಎನ್ನುವ ಬೋರ್ಡ್ ಕಾರಣ ಕೊಡಬೇಕು. ಆದರೆ 2023ರ ಸೆಪ್ಟೆಂಬರ್ 21ರಂದು ಅಥವಾ ಅದರ ಮೇಲೆ ಬಿಡುಗಡೆಯಾದವರಿಗೆ ಹೊಸ ನಿಯಮ ಬಂದಿದೆ, ಅವರು ಅದನ್ನೇ ಓದಿಕೊಳ್ಳಬೇಕು. ಮುಂದಿನ ಲೆಕ್ಕ ಅದಕ್ಕೆ ಮೊದಲು ಬಂದವರದು.

ಕೊನೆಯ ವೇತನದ ಶೇಕಡಾ 30, ಇದು 100 ಪರ್ಸೆಂಟ್ ಅಂಗವೈಕಲ್ಯಕ್ಕೆ. ವೇತನ 40,000 ಇದ್ದರೆ 12,000. 20 ಪರ್ಸೆಂಟಿನವರಿಗೆ ಬರೀ 2,400 ಆಗಬೇಕಿತ್ತು. ಆದರೆ 50ಕ್ಕಿಂತ ಕಡಿಮೆ ಇದ್ದದ್ದನ್ನು 50ಕ್ಕೆ, 50ರಿಂದ 75ರವರೆಗಿನದನ್ನು 75ಕ್ಕೆ, ಅದರ ಮೇಲಿನದನ್ನು 100ಕ್ಕೆ ಏರಿಸುವ ಬ್ರಾಡ್ ಬ್ಯಾಂಡಿಂಗ್ ಇರುವುದರಿಂದ 6,000. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆಂದು 2014ರ ರಾಮ್ ಅವತಾರ್ ತೀರ್ಪು ಹೇಳಿದೆ. ಎರಡು ಮೂರು ಕಾಯಿಲೆ ಇದ್ದವರು ಪರ್ಸೆಂಟ್‌ಗಳನ್ನು ಸುಮ್ಮನೆ ಕೂಡಿಸಬೇಡಿ, ಬೋರ್ಡ್ ಹಾಕಿದ ಒಟ್ಟು ಅಂಕಿಯೇ ಲೆಕ್ಕ.

ತಿರಸ್ಕಾರದ ಪತ್ರ ಬಂದರೆ ಆರು ತಿಂಗಳೊಳಗೆ ಮೊದಲ ಅಪೀಲು, ಅದೂ ಬಿದ್ದರೆ ಎರಡನೆಯದು, ಆಮೇಲೆ ಕೊಚ್ಚಿಯಲ್ಲಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ವರದಿಯ ಪ್ರತಿ ಕೈಯಲ್ಲಿಲ್ಲದಿದ್ದರೆ ಮೊದಲು ನಿಮ್ಮ ಸೇವಾ ದಾಖಲೆ ಇಟ್ಟಿರುವ ರೆಕಾರ್ಡ್ಸ್ ಆಫೀಸಿಗೆ ಬರೆಯಿರಿ, ಉತ್ತರ ಬಾರದಿದ್ದರೆ ಆರ್‌ಟಿಐ ಹಾಕಿ. ಅಪೀಲಿನಲ್ಲಿ ಸೇವೆಯ ಕಷ್ಟ ವರ್ಣಿಸುತ್ತಾ ಹೋಗಬೇಡಿ. ಬೋರ್ಡ್ ಬರೆದ ಆ ಒಂದು ಸಾಲಿಗೆ ಮಾತ್ರ ಉತ್ತರ ಬರೆದು, ಪೋಸ್ಟಿಂಗ್ ಪಟ್ಟಿಯ ಪುಟವನ್ನೂ ಜೊತೆಗೆ ಲಗತ್ತಿಸಿ.